ಚಿಮಣಿ ಬಾಗಿಲು

ಬಂಗಲೆ ಬೀಳುತ್ತದೆ ಎಂದು ಕಟ್ಟಡ ಬಲ್ಲ ಇನ್ನೊಬ್ಬರು ಬರೆದುಕೊಟ್ಟರೆ ಕೆಡವಿಬಿಡುವುದು, ನಿಲ್ಲುತ್ತದೆ ಎಂದರೆ ಆ ಮಾತನ್ನು ಮತ್ತೆ ಎತ್ತದಿರುವುದು. ಅಜ್ಜಂಪುರದ ಒಬ್ಬ ಅತ್ತಿಗೆ ಮತ್ತು ಮೈದುನ ಹೀಗೊಂದು ಒಪ್ಪಂದಕ್ಕೆ ಬಂದು, ಆ ಇನ್ನೊಬ್ಬರನ್ನು ಹುಡುಕಿಕೊಂಡು ಕಡೂರಿಗೆ ಬಂದರು. ಸಿಕ್ಕಿದವಳು ನಾನು.

ಕಡೂರಿನಲ್ಲಿ ನನ್ನ ದಿನದ ಕೆಲಸ ಮೂವತ್ತು ನಲವತ್ತರ ಸೈಟುಗಳಿಗೆ ಪ್ಲಾನು ಬರೆಯುವುದು. ದೇವರ ಮನೆ ಈಶಾನ್ಯಕ್ಕಿರಲಿ, ಒಲೆ ಆಗ್ನೇಯಕ್ಕಿರಲಿ, ಏನಾದರಾಗಲಿ ಬಾಗಿಲು ಮಾತ್ರ ದಕ್ಷಿಣಕ್ಕೆ ಬೇಡ ಎನ್ನುವವರ ಮುಂದೆ ಕೂತು ಗೆರೆ ಎಳೆದು ಅಳಿಸಿ ನನ್ನ ರಬ್ಬರು ಸವೆದಿದೆ. ಹಳೆಯ ಕಟ್ಟಡಗಳ ದುರಸ್ತಿಯ ಬಗ್ಗೆ ಓದಿಕೊಂಡಿದ್ದೆ, ಒಂದೆರಡು ಕಡೆ ಕೈಕೆಳಗೆ ದುಡಿದೂ ಇದ್ದೆ. ಆದರೆ ನನ್ನ ಮಾತಿನ ಮೇಲೆ ಒಂದು ಮನೆಯ ಉಳಿವು ನಿಂತಿದ್ದು ಅದೇ ಮೊದಲು. ಒಳಗೊಳಗೇ ಕುಣಿಯುತ್ತಿದ್ದೆ, ಹೊರಗೆ ಮಾತ್ರ ದೊಡ್ಡವರ ಹಾಗೆ ತಲೆದೂಗುತ್ತ ಕೇಳಿಸಿಕೊಂಡೆ.

ಅಂತರಘಟ್ಟೆ ಕಡೆಗೆ ಹೋಗುವ ರಸ್ತೆಯಿಂದ ಒಳಕ್ಕೆ, ಕಡಲೆ ಹೊಲಗಳ ನಡುವೆ ಒಂದು ಸಣ್ಣ ದಿಬ್ಬದ ಮೇಲಿದೆ ಆ ಮನೆ. ಸುತ್ತಲಿನವರು ಅದನ್ನು ದೊರೆ ಬಂಗ್ಲೆ ಎನ್ನುತ್ತಾರೆ. ದನಗಳ ಉಸ್ತುವಾರಿಗೆಂದು ಬಂದಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬ, ತನ್ನ ದೇಶದ ಹಳ್ಳಿಯಲ್ಲಿ ಅಪ್ಪನಿಗಿದ್ದ ದೊಡ್ಡ ಮನೆಯ ಅಚ್ಚಿನಲ್ಲೇ ಇದನ್ನು ಕಟ್ಟಿಸಿದನಂತೆ. ಈಗಿನ ಒಡತಿಯ, ಅಂದರೆ ಆ ಅತ್ತಿಗೆಯ, ಮಾವನವರು, ಈರುಳ್ಳಿ ವ್ಯಾಪಾರಿ, ಅದನ್ನು ಕೊಂಡರು. ಈಗ ಅದು ಅವರ ಕಿರಿಯ ಮಗ ಮತ್ತು ಹಿರಿಯ ಸೊಸೆ ಇಬ್ಬರ ಖಾತೆಯಲ್ಲಿದೆ. ಹಿರಿಯ ಮಗ ತೀರಿಕೊಂಡ ಮೇಲೆ ಸೊಸೆ ಅಲ್ಲಿ ಹೊಲಿಗೆ ಕೇಂದ್ರ ತೆರೆದರು. ಸುತ್ತಲ ಹಳ್ಳಿಗಳ ಹೆಂಗಸರು ಬೆಳಗಿನ ಬಸ್ಸಿಗೆ ಬಂದು, ಸಂಜೆಯವರೆಗೆ ಮೆಷಿನ್ ತುಳಿದು ಹೋಗುತ್ತಾರೆ. ಬಂಗಲೆ ಹೋದರೆ ಆ ಕೇಂದ್ರವೂ ಹೋಗುತ್ತಿತ್ತು, ಮೈದುನನ ಮನಸ್ಸಿನಲ್ಲಿದ್ದದ್ದು ಅಲ್ಲೊಂದು ಕಲ್ಯಾಣ ಮಂಟಪ.

ಮೈದುನ ಕೆಟ್ಟವರೇನಲ್ಲ. ಪೂರ್ವದ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿತ್ತು. ಹಿರಿಯ ಎಂಜಿನಿಯರೊಬ್ಬರು ಬಂದು, ಎರೆ ಮಣ್ಣಿನಲ್ಲಿ ಪಾಯ ಕುಸಿಯುತ್ತಿದೆ, ಇದಕ್ಕೆ ಮದ್ದಿಲ್ಲ ಎಂದು ಹೇಳಿ ಹೋಗಿದ್ದರು. "ನಾಳೆ ಯಾವ ಹೆಣ್ಮಗಳ ತಲೆ ಮೇಲಾದ್ರೂ ಬಿದ್ರೆ ಪೊಲೀಸ್ನೋರು ಬರೋದು ನನ್ ಮನೆಗೆ ಕಣ್ರೀ," ಎಂದರು ಮೈದುನ. ಸಂಕ್ರಾಂತಿ ಕಳೆದ ಕೂಡಲೇ ಬರುವಂತೆ ಜೆಸಿಬಿಯವನಿಗೂ ಹೇಳಿಟ್ಟಿದ್ದರು.

ಮೊದಲ ದಿನ ಹೊಲದ ದಾರಿ ತಿರುಗುತ್ತಲೇ ಮನೆ ಕಂಡಿತು, ನಾನು ಆಟೊ ನಿಲ್ಲಿಸಿ ಇಳಿದುಬಿಟ್ಟೆ. ಕಾಲೇಜಿನಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನ ಬಂಗಲೆಗಳೆಂದು ಒಂದು ಪಾಠವಿತ್ತು. ಈ ಜನ್ಮದಲ್ಲಿ ನೋಡಲಿಕ್ಕಿಲ್ಲದ್ದನ್ನೆಲ್ಲ ಪಾಸಾಗುವುದಕ್ಕೋಸ್ಕರ ಬೈದುಕೊಂಡೇ ಉರು ಹೊಡೆದಿದ್ದೆ. ಅದೇ ಪಾಠ ಇಲ್ಲಿ ಕಡಲೆ ಹೊಲದಲ್ಲಿ ಎದ್ದು ನಿಂತಿತ್ತು! ನಡುವೆ ಬಾಗಿಲು, ಎಡಕ್ಕೆಷ್ಟು ಕಿಟಕಿಯೋ ಬಲಕ್ಕೂ ಅಷ್ಟೇ. ಒಂದು ಮೂಲೆಯಲ್ಲಿ ಹೊಟ್ಟೆಯಂತೆ ಮುಂದಕ್ಕೆ ಉಬ್ಬಿದ, ಮೂರು ಕಡೆ ಗಾಜಿನ ಕಿಟಕಿ. ಒಳಗೆ ನಡುಮನೆ ಬೇರೆಲ್ಲ ಕೋಣೆಗಳನ್ನೂ ಕೈಹಿಡಿದುಕೊಂಡಂತೆ ಮಧ್ಯದಲ್ಲಿದೆ. ಕಲ್ಲು ನಮ್ಮದು, ಹೆಂಚು ಮಂಗಳೂರಿನದು, ಲೆಕ್ಕಾಚಾರ ಮಾತ್ರ ಪೂರ್ತಿ ಅವರದು.

ಮುಖವೂ ಅವರ ಲೆಕ್ಕದಂತೆ ದಕ್ಷಿಣಕ್ಕಿತ್ತು. ಬಿಸಿಲು ಅಪರೂಪದ ಅವರ ದೇಶದಲ್ಲಿ ಸೂರ್ಯ ಸಿಗುವುದು ದಕ್ಷಿಣದ ಆಕಾಶದಲ್ಲಿ, ಹಾಗಾಗಿ ಒಳ್ಳೆಯ ಕೋಣೆಗಳನ್ನೆಲ್ಲ ಅತ್ತ ತಿರುಗಿಸಿಕೊಳ್ಳುತ್ತಾರೆ. ಆ ಅಧಿಕಾರಿ ಅದೇ ಅಭ್ಯಾಸವನ್ನು ಇಲ್ಲಿಗೂ ಹೊತ್ತು ತಂದಿದ್ದ. ಆದರೆ ನಾನು ನೋಡುವಾಗ ಆ ದಕ್ಷಿಣದ ಬಾಗಿಲಿಗೆ ಮೊಳೆ ಹೊಡೆದು, ಒಳಗಡೆ ಅತ್ತಕಡೆಯ ಕಿಟಕಿಗಳೂ ಮುಚ್ಚುವಂತೆ ಬಟ್ಟೆಯ ಗಂಟುಗಳನ್ನು ಒಟ್ಟಿದ್ದರು. ಮನೆ ಕೊಂಡ ವರ್ಷವೇ ಮಾವನವರು ಅದನ್ನು ಮುಚ್ಚಿಸಿ ಪೂರ್ವಕ್ಕೊಂದು ಬಾಗಿಲು ತೆಗೆಸಿದ್ದರಂತೆ.

ಆ ಪೂರ್ವದ ಬಾಗಿಲಿಗೆ ಮನೆಯವರು ಇಟ್ಟ ಹೆಸರು ಚಿಮಣಿ ಬಾಗಿಲು. ಯಾಕೆ ಎಂದು ಕೇಳಿದೆ. ಬಾಗಿಲು ಮಾಡುವ ಮುಂಚೆ ಅಲ್ಲೊಂದು ದೊಡ್ಡ ಗೂಡು ಇತ್ತಂತೆ. ಇದು ಚಿಮಣಿ ಗೂಡು ಎಂದು ಮನೆ ಮಾರಿದವರು ಹೇಳಿದ್ದರಂತೆ. ಒಡತಿಯ ಅತ್ತೆ ಅದಕ್ಕೇ ಅಲ್ಲಿ ದಿನಾ ಸಂಜೆ ಸೀಮೆಎಣ್ಣೆ ಚಿಮಣಿ ಹಚ್ಚಿಡುತ್ತಿದ್ದರು, ಗೂಡು ಹೋಗಿ ಬಾಗಿಲಾದ ಮೇಲೂ ಅದೇ ಜಾಗದಲ್ಲಿ ಇಡುವುದನ್ನು ಬಿಡಲಿಲ್ಲ. ಈಗ ಒಡತಿ ಇಡುತ್ತಾರೆ. ಗಾಜು ಹಾಕಿದ್ದರೂ ಬಾಗಿಲ ಗಾಳಿಗೆ ದೀಪ ಆರಿ ಆರಿ ಹೋಗುತ್ತದೆ, ಅತ್ತೆ ಇದ್ದಾಗ ಅದಕ್ಕೊಂದು ಬೈಗುಳವೂ ಇರುತ್ತಿತ್ತು ಎಂದು ಅವರು ನಕ್ಕರು. ನಾನು ಚಿತ್ರದ ಹಾಳೆಯಲ್ಲಿ ಆ ಜಾಗಕ್ಕೆ 'ಹಳೆಯ ದೀಪದ ಗೂಡು' ಎಂದು ಬರೆದುಕೊಂಡು ಮುಂದೆ ಹೋದೆ.

ಬಿರುಕಿನ ಕೆಲಸ ನಿಧಾನದ್ದು. ಮೊದಲು ಅದು ಹಳೆಯದೋ, ಇನ್ನೂ ಬಾಯಿ ಬಿಡುತ್ತಿದೆಯೋ ತಿಳಿಯಬೇಕು. ಅದಕ್ಕೆ ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಗಳನ್ನು ಗಾರೆಯಲ್ಲಿ ಅಂಟಿಸುತ್ತಾರೆ. ಗೋಡೆ ಸುಮ್ಮನಿದ್ದರೆ ಗಾಜು ಸುಮ್ಮನಿರುತ್ತದೆ, ಕೂದಲೆಳೆಯಷ್ಟು ಅಲುಗಿದರೂ ಸೀಳುತ್ತದೆ. ಬಾಗಿಲ ಮೇಲಿನಿಂದ ಸೂರಿನವರೆಗೆ ಸಾಲಾಗಿ ಪಟ್ಟಿ ಅಂಟಿಸಿ, ಬಾಗಿಲ ಆಚೀಚೆ ಕೆಳಗೂ ಅಂಟಿಸಿ, ಒಂದೂ ಸೀಳದಿರಲಪ್ಪ ಎಂದು ಮನಸ್ಸಿನಲ್ಲೇ ಅಂದುಕೊಂಡು ಕಡೂರಿಗೆ ಬಂದೆ.

ಕೆಲವೇ ದಿನಕ್ಕೆ ಒಡತಿ ಫೋನಿನಲ್ಲಿ ಫೋಟೊ ಕಳಿಸಿದರು. ಮೇಲಿನ ಎರಡು ಪಟ್ಟಿಗಳು ಸೀಳಿದ್ದವು. ಅದರ ಬೆನ್ನಿಗೇ ಮೈದುನ ಫೋನು ಮಾಡಿ, ಬಹಳ ಮರ್ಯಾದೆಯಿಂದ, ಹಾಗಾದರೆ ನೀವೂ ಬರೆದುಕೊಡುತ್ತೀರಲ್ಲ ಎಂದು ಕೇಳಿದರು. ನನಗೆ ಅಳು ಬಂತು. ಬಂದ ಅಳುವಿನ ಹಿಂದೆಯೇ ಹಟವೂ ಬಂತು. ಪಾಯ ನೋಡದೆ ಒಂದಕ್ಷರ ಬರೆಯುವುದಿಲ್ಲ ಎಂದೆ.

ಮರುದಿನ ಅಜ್ಜಂಪುರದ ಮೇಸ್ತ್ರಿಯನ್ನು ಕರೆಸಿ ಪೂರ್ವದ ಗೋಡೆಯ ಬುಡದಲ್ಲಿ ಗುಂಡಿ ತೆಗೆಸಿದೆ. ಎದೆಯುದ್ದ ಇಳಿದರೂ ಎರೆ ಮಣ್ಣಿನ ಸುಳಿವಿಲ್ಲ. ಹಾರೆ ಹಾಕಿದರೆ ಕಿಡಿ ಹಾರುವಂಥ ಗಟ್ಟಿ ಗರಸು, ಅದರ ಮೇಲೆ ಅಗಲವಾಗಿ ಕೂತ ಕಲ್ಲುಪಾಯ. ಎರೆ ಮಣ್ಣು ಸುತ್ತಲ ಹೊಲದಲ್ಲಿತ್ತೇ ಹೊರತು ದಿಬ್ಬದಲ್ಲಿ ಇರಲೇ ಇಲ್ಲ. ತೂಗುಗುಂಡು ಬಿಟ್ಟು ನೋಡಿದೆ. ಗೋಡೆ ಕೆಳಗೆ ನೆಟ್ಟಗಿತ್ತು, ಬಾಗಿಲಿಗಿಂತ ಮೇಲೆ ಮಾತ್ರ ಹೊರಕ್ಕೆ ವಾಲಿತ್ತು. ಪಾಯ ಕುಸಿದರೆ ಬಿರುಕು ಬುಡದಿಂದ ಹುಟ್ಟಬೇಕು. ಇದು ಬಾಗಿಲ ನೆತ್ತಿಯಲ್ಲಿ ಹುಟ್ಟಿ ಮೇಲಕ್ಕೆ ಹೋಗಿತ್ತು. ಹಿರಿಯ ಎಂಜಿನಿಯರು ಹೇಳಿದ ಕಾರಣ ಸುಳ್ಳೆಂದು ಗೊತ್ತಾಯಿತು, ನನ್ನ ಹತ್ತಿರವೂ ಬೇರೆ ಕಾರಣವಿರಲಿಲ್ಲ. ಗೋಡೆ ಮಾತ್ರ ನನ್ನ ಕಣ್ಣೆದುರಿಗೇ ಅಲುಗುತ್ತಿತ್ತು.

ಏನೂ ತೋಚದಿದ್ದಾಗ ನಾನು ಮಾಡುವುದು ಒಂದೇ, ಅಳತೆ. ಆ ಬಾಗಿಲನ್ನು ಒಳಗಿಂದ, ಹೊರಗಿಂದ, ಮೇಲಿಂದ, ಕೆಳಗಿಂದ ಅಳೆದೆ. ಹೊಲಿಯುವ ಹೆಂಗಸರು, ಈ ಹುಡುಗಿ ಬಾಗಿಲಿಗೆ ರವಿಕೆ ಹೊಲಿಸ್ತಾಳೇನೋ ಎಂದು ನಕ್ಕರು. ಆ ಸಂಜೆ ಕಡೂರಿನ ಮನೆಯಲ್ಲಿ ಕೂತು ಅಳತೆಗಳನ್ನು ಹಾಳೆಗೆ ಇಳಿಸುವಾಗ ಗೆರೆಗಳು ಸೇರಲೊಲ್ಲವು. ಬಾಗಿಲು ಒಳಗಡೆ ಅಗಲ, ಹೊರಗಡೆ ಕಿರಿದು, ಎರಡೂ ಪಕ್ಕಗಳು ಓರೆಯಾಗಿ ಹೊರಕ್ಕೆ ಕೂಡಿಕೊಳ್ಳುತ್ತ ಹೋಗಿದ್ದವು. ಅಳೆದದ್ದೇ ತಪ್ಪೆಂದು ಮತ್ತೆ ಬರೆದೆ, ಮತ್ತೆ ಅದೇ ಬಂತು. ಯಾವ ಮೇಸ್ತ್ರಿ ಬಾಗಿಲಿನ ಪಕ್ಕಗಳನ್ನು ಹೀಗೆ ಓರೆ ಮಾಡುತ್ತಾನೆ? ಬಾಗಿಲ ಮುಂದೆ, ಒಳಗಡೆ, ನೆಲದಲ್ಲಿ ಹುಗಿದ ಒಂದು ದೊಡ್ಡ ಚಪ್ಪಡಿಯೂ ಇತ್ತು, ಬಾಗಿಲಿಗೆ ಅದನ್ನೇಕೆ ಹಾಕುತ್ತಾರೆ? ಗೋಡೆ ಅಲ್ಲಿ ಮಾತ್ರ ಬೇರೆ ಕಡೆಗಿಂತ ದಪ್ಪ ಯಾಕೆ?

ಹಾಳೆಯನ್ನು ತಿರುಗಿಸಿ ನೋಡಿದೆ. ಈ ಆಕಾರವನ್ನು ಪರೀಕ್ಷೆಯಲ್ಲಿ ನಾನೇ ಬರೆದಿದ್ದೆ. ಬೆಂಕಿಯ ಕಾವು ಕೋಣೆಗೆ ಹರಡಲೆಂದು ಪಕ್ಕಗಳನ್ನು ಓರೆ ಮಾಡುತ್ತಾರೆ, ಕಿಡಿ ಬಿದ್ದರೆ ಇರಲೆಂದು ಮುಂದೆ ಚಪ್ಪಡಿ ಹಾಕುತ್ತಾರೆ, ಮೇಲಕ್ಕೆ ಹೊಗೆ ಹೋಗಲು ಗೋಡೆಯ ಒಳಗೇ ಕೊಳವೆ ಬಿಡುತ್ತಾರೆ. ಅದು ಬಾಗಿಲಲ್ಲ, ದೊರೆ ಚಳಿ ಕಾಯಿಸಿಕೊಳ್ಳುತ್ತಿದ್ದ ಬೆಂಕಿಗೂಡು. "ಚಿಮಣಿ!" ಎಂದು ಮನೆ ಹಾರಿಹೋಗುವ ಹಾಗೆ ಕೂಗಿದೆ.

"ಯಾಕೇ, ಕರೆಂಟ್ ಹೋಯ್ತೇನೇ?" ಎಂದು ಅಡುಗೆ ಮನೆಯಿಂದ ಅಮ್ಮ ಬೆಂಕಿಪೊಟ್ಟಣ ಹಿಡಿದುಕೊಂಡೇ ಬಂದರು.

ನಾನು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಜ್ಜಂಪುರದಲ್ಲಿ ಇಷ್ಟು ವರ್ಷ ಆಗಿದ್ದೂ ಇದೇ. ಮನೆ ಮಾರಿದವರು ಇಂಗ್ಲಿಷಿನವರ ಬಾಯಲ್ಲಿ ಕೇಳಿದ ಮಾತನ್ನೇ ಹೇಳಿ, ಇದು ಚಿಮಣಿಯ ಗೂಡು ಎಂದಿದ್ದಾರೆ. ಅವರಲ್ಲಿ ಚಿಮಣಿ ಎಂದರೆ ಹೊಗೆಗೂಡು, ನಮ್ಮಲ್ಲಿ ದೀಪ. ಅತ್ತೆಮ್ಮ ಭಕ್ತಿಯಿಂದ ದೀಪ ಇಟ್ಟಿದ್ದಾರೆ. ಮಾವನವರು ಪೂರ್ವಕ್ಕೆ ಬಾಗಿಲು ಹುಡುಕುತ್ತ ಬಂದಾಗ, ಪೂರ್ವದ ಗೋಡೆಯಲ್ಲೇ ಕಮಾನಿನ ಗೂಡೊಂದು ಕಂಡಿದೆ. ಅರ್ಧ ಕೆಲಸ ಆಗೇ ಇದೆಯಲ್ಲ ಎಂದು ಅದರ ಬೆನ್ನಿನ ಗೋಡೆಯನ್ನು ಒಡೆಸಿ ಬಾಗಿಲು ಕೂರಿಸಿಬಿಟ್ಟಿದ್ದಾರೆ. ಆ ಬೆನ್ನಿನ ಗೋಡೆಯ ಮೇಲೆ ಏನು ಕೂತಿದೆ ಎಂದು ಯಾರೂ ತಲೆಯೆತ್ತಿ ನೋಡಿರಲಿಲ್ಲ.

ಬೆಳಗಿನ ರೈಲಿಗೆ ಹೊರಟೆ. ಬೀರೂರಿನಲ್ಲಿ ರೈಲು ನಿಂತಿದ್ದಷ್ಟು ಹೊತ್ತೂ ಕಾಲು ಕುಣಿಸುತ್ತಿದ್ದೆ, ಎದುರು ಕೂತಿದ್ದ ಅಜ್ಜಿ ಹೊಟ್ಟೆನೋವೇನಮ್ಮ ಎಂದು ಕೇಳಿದರು. ಬಂಗಲೆಗೆ ಮೈದುನನನ್ನೂ ಬರಹೇಳಿದ್ದೆ. ಅವರು ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಬಂದು ಬಾಗಿಲ ನಡುವೆ ನಿಂತರು. ಬಾಗಿಲ ನೆತ್ತಿಗೆ ಹಲಗೆ ಹೊಡೆದು ಗಾರೆ ಮೆತ್ತಿದ್ದರು. ಸ್ವಲ್ಪ ಹಿಂದೆ ಸರಿಯಿರಿ ಎಂದೆ. ಇರಲಿ ಬಿಡ್ರೀ, ನನಗೂ ಕಾಣಲಿ ಎಂದರು. ಮೇಸ್ತ್ರಿ ಉಳಿ ತೂರಿಸಿ ಒಂದು ಹಲಗೆ ಮೀಟಿದ.

ಮೊದಲು ಪುಡಿ ಉದುರಿತು. ಆಮೇಲೆ ಬುಸ್ಸೆಂದು ಆ ದೊರೆಯ ಕಾಲದ ಮಸಿಯೆಲ್ಲ ಒಟ್ಟಿಗೆ ಇಳಿಯಿತು. ಮೆಷಿನ್‌ಗಳ ಸದ್ದು ನಿಂತಿತು. ಮಸಿ ಕೂತ ಮೇಲೆ ನೋಡಿದರೆ ಮೈದುನ ಅಲ್ಲೇ ನಿಂತಿದ್ದರು, ಕಣ್ಣೆರಡು ಮಾತ್ರ ಬೆಳ್ಳಗೆ. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ತಿರುಗಿದರು. ನಗಬಾರದೆಂದು ಒಡತಿ ಮಾಡಿದ ಪ್ರಯತ್ನ ನೋಡಿ ನನಗೆ ಇನ್ನೂ ನಗು ಬಂತು.

"ಏನ್ರೀ ಇದು, ನಮ್ಮನೆ ಬಾಗ್ಲಲ್ಲಿ ಇಷ್ಟೊಂದು ಮಸಿ?" ಎಂದರು ಮೈದುನ, ಮೆಲ್ಲಗೆ.

ಟಾರ್ಚು ಹಿಡಿದು ಮೇಲೆ ನೋಡಿದೆ. ಗೋಡೆಯ ಹೊಟ್ಟೆಯೊಳಗೆ ಕೊಳವೆ ನೆಟ್ಟಗೆ ಮೇಲೆ ಹೋಗಿತ್ತು. ಅಟ್ಟ ಹತ್ತಿದಾಗ ಅದರ ತುದಿಯೂ ಸಿಕ್ಕಿತು. ಸೂರು ಸೋರುತ್ತದೆಂದು ಹಿಂದೆ ಯಾವಾಗಲೋ ಹೊಗೆಗೂಡಿನ ತಲೆಯನ್ನು ಕತ್ತರಿಸಿ, ಮೇಲೆ ಚಪ್ಪಡಿ ಹೇರಿ, ಹೆಂಚು ಹೊದಿಸಿದ್ದರು. ಹೊರಗಿನಿಂದ ನೋಡುವ ಯಾವ ಎಂಜಿನಿಯರಿಗೂ ಕಾಣುವಂತಿರಲಿಲ್ಲ. ಅಷ್ಟೂ ಇಟ್ಟಿಗೆಯ ಭಾರ ಮುಂದೆ ಒಂದು ಬಾಗಿದ ಕಬ್ಬಿಣದ ಪಟ್ಟಿಯ ಮೇಲೆ ಕೂತಿತ್ತು, ಹಿಂದೆ ಯಾವುದರ ಮೇಲೂ ಕೂತಿರಲಿಲ್ಲ. ಹಿಂದಕ್ಕೆ, ಅಂದರೆ ಹೊರಕ್ಕೆ, ವರ್ಷ ವರ್ಷವೂ ಇಷ್ಟಿಷ್ಟೇ ವಾಲುತ್ತಿತ್ತು.

ಕಾರಣ ಸಿಕ್ಕಿತು. ಸಂತೋಷಕ್ಕೆ ನಾನು ಮೇಸ್ತ್ರಿಯ ಕೈ ಹಿಡಿದು ಕುಲುಕಿದೆ. ಆದರೆ ಮದ್ದು ಲೆಕ್ಕ ಹಾಕಲು ಕೂತಾಗ ಆ ಸಂತೋಷ ಸ್ವಲ್ಪ ಇಳಿಯಿತು. ಇಟ್ಟಿಗೆಯ ಭಾರವನ್ನೇ ಬಿಚ್ಚಿ ತೆಗೆಯೋಣವೆಂದರೆ ನಡುಮನೆಯ ದೊಡ್ಡ ತೊಲೆಗಳ ತುದಿ ಅದರ ಮೇಲೇ ಕೂತಿತ್ತು. ಕಬ್ಬಿಣದ ಚೌಕಟ್ಟು ಕೊಟ್ಟು ಬಾಗಿಲನ್ನು ಉಳಿಸೋಣವೆಂದರೆ, ಬಾಗಿಲವಾಡ ಕೂರಿಸಲು ಎರಡೂ ಪಕ್ಕ ಕೊರೆದು ಕೊರೆದು, ಚೌಕಟ್ಟಿನ ಕಾಲು ನಿಲ್ಲಿಸುವಷ್ಟು ಗಟ್ಟಿ ಜಾಗವನ್ನೇ ಉಳಿಸಿರಲಿಲ್ಲ. ಎಷ್ಟು ಸಲ ಲೆಕ್ಕ ಹಾಕಿದರೂ ಉತ್ತರ ಒಂದೇ. ಒಡೆದ ಬೆನ್ನಿನ ಗೋಡೆಯನ್ನು ಮತ್ತೆ ಕಟ್ಟಬೇಕು. ಪೂರ್ವದ ಬಾಗಿಲು ಮುಚ್ಚಬೇಕು. ಮೊಳೆ ಕಿತ್ತು ದಕ್ಷಿಣದ ಬಾಗಿಲು ತೆರೆಯಬೇಕು.

ಇದನ್ನು ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ದಕ್ಷಿಣದ ಬಾಗಿಲು ಬೇಡ ಎನ್ನುವವರ ಮುಂದೆ ಕೂತು ಕೂತು ಅಭ್ಯಾಸವಾದ ನನಗೆ, ದಕ್ಷಿಣದ ಬಾಗಿಲೇ ಬೇಕೆಂದು ಹೇಳಿ ಅಭ್ಯಾಸವಿರಲಿಲ್ಲ. ಬಾಗಿಲು ಮುಚ್ಚಿದರೆ ಮನೆ ನಿಲ್ಲುತ್ತದೆ, ಮುಚ್ಚದಿದ್ದರೆ ಬೀಳುತ್ತದೆ, ನಾನು ಬರೆದುಕೊಡುವುದು ಇಷ್ಟೇ ಎಂದೆ. ಮೈದುನ ಮುಖ ತೊಳೆದುಕೊಂಡು ಬಂದಿದ್ದರು, ಕಿವಿಯ ಹಿಂದೆ ಮಾತ್ರ ಇನ್ನೂ ಕಪ್ಪು. ಅದು ಯಮನ ದಿಕ್ಕು, ಅಪ್ಪ ಸುಮ್ಮನೆ ಮುಚ್ಚಿಸಲಿಲ್ಲ, ಆ ಬಾಗಿಲು ತೆಗೆದರೆ ತಾನು ಈ ಮನೆಯ ಹೊಸಿಲು ತುಳಿಯುವುದಿಲ್ಲ ಎಂದರು. ಹೆದರಿಸಲು ಹೇಳಿದ್ದಲ್ಲ, ನಿಜವಾಗಿ ಹೆದರಿ ಹೇಳಿದ್ದು.

ಒಡತಿ ಕೈಯಲ್ಲಿದ್ದ ಬಟ್ಟೆಯ ಅಂಚನ್ನು ಮಡಿಸುತ್ತಿದ್ದರು, ಬಿಡಿಸುತ್ತಿದ್ದರು. ಆಮೇಲೆ ಮೈದುನನ ಕಡೆ ನೋಡಿದರು.

"ಯಮ ಬರೋ ಬಾಗ್ಲು ಅಂತೀಯಲ್ಲಪ್ಪ. ಆ ಬಾಗ್ಲಿಗೆ ಮೊಳೆ ಹೊಡ್ದು, ಪೂರ್ವದ್ದೇ ತೆಗ್ದಿಟ್ಕೊಂಡಿದ್ವಲ್ಲ. ಆದ್ರೂ ಬಂದು ನಿಮ್ಮಣ್ಣನ್ನ ಕರ್ಕೊಂಡು ಹೋದ್ನಲ್ಲ."

ಮೈದುನ ತಲೆ ತಗ್ಗಿಸಿದರು. "ನೀವು ಕಟ್ಸಿ ಮೇಡಂ," ಎಂದರು ಒಡತಿ ನನಗೆ, ಮತ್ತೆ ಮೆಷಿನ್ನಿಗೆ ಕೂತರು.

ಕೆಲಸ ಶುರುವಾಯಿತು. ಮೊದಲು ಬಾಗಿಲ ನೆತ್ತಿಯ ಮೇಲೆ ಗೋಡೆಗೆ ತೂತು ಕೊರೆದು, ಅಡ್ಡ ತೊಲೆಗಳನ್ನು ತೂರಿಸಿ, ಎರಡೂ ಕಡೆ ಕಬ್ಬಿಣದ ಕಂಬ ಕೊಟ್ಟು ಮೇಲಿನ ಭಾರವನ್ನು ಎತ್ತಿ ಹಿಡಿದೆವು. ಕಂಬದ ತಿರುಪು ಬಿಗಿಯುವಾಗ ಗೋಡೆಯೊಳಗಿನಿಂದ ಒಂದು ಲಟಕ್ ಕೇಳಿತು, ಗಾರೆ ಒಂದಿಷ್ಟು ಕಳಚಿ ಬಿತ್ತು. ಹೆಂಗಸರೆಲ್ಲ ಹೊರಗೆ ಓಡಿದರು. ನಾನು ಗಾಜಿನ ಪಟ್ಟಿಗಳ ಹತ್ತಿರ ಹೋಗಿ ಒಂದೊಂದನ್ನೇ ನೋಡಿದೆ. ಹೊಸದಾಗಿ ಅಂಟಿಸಿದ್ದ ಯಾವುದೂ ಸೀಳಿರಲಿಲ್ಲ. ಬಿದ್ದದ್ದು ಹಳೆಯ ಮೆತ್ತನೆ ಗಾರೆ ಅಷ್ಟೇ.

ಬೆನ್ನಿನ ಗೋಡೆಯನ್ನು ಸಿಮೆಂಟಿನಲ್ಲಿ ಕಟ್ಟುವಂತಿಲ್ಲ. ಹಳೆಯ ಗೋಡೆ ಸುಣ್ಣದ್ದು, ಅದು ಸ್ವಲ್ಪ ಬಾಗುತ್ತದೆ, ಉಸಿರಾಡುತ್ತದೆ. ಸಿಮೆಂಟು ಅದರ ಪಕ್ಕ ಬಿಗುಮಾನದಿಂದ ನಿಂತು ಸಂದು ಬಿಡುತ್ತದೆ. ಸುಣ್ಣ ಕೊಳೆಹಾಕಿ, ಮರಳು ಬೆರೆಸಿ, ಬೆಲ್ಲದ ನೀರು ಬಿಟ್ಟು ಅರೆಸಿದೆವು. ದಿನಕ್ಕೆ ಮೂರ್ನಾಲ್ಕು ವರಸೆಗಿಂತ ಹೆಚ್ಚು ಇಟ್ಟಿಗೆ ಏರಿಸಲು ಬಿಡಲಿಲ್ಲ. ಮೇಸ್ತ್ರಿಗೆ ಬೇಸರ, ನನಗೆ ಹಬ್ಬ. ಕೊನೆಯ ವರಸೆ ಮೇಲಿನ ಇಟ್ಟಿಗೆಗೆ ತಾಗುವ ಜಾಗದಲ್ಲಿ ಒಂದು ಬೆರಳಿನಷ್ಟು ಸಂದು ಬಿಟ್ಟು, ಕೆಳಗಿನ ಗೋಡೆ ಕೂತು ಗಟ್ಟಿಯಾಗುವವರೆಗೆ ಕಾದು, ಆಮೇಲೆ ಕಲ್ಲಿನ ಚಕ್ಕೆಗಳನ್ನು ಬಡಿದು ಬಡಿದು ಬಿಗಿಮಾಡಿದೆವು. ಆ ಬಿಗಿಯಲ್ಲೇ ಭಾರ ಹೊಸ ಗೋಡೆಗೆ ಇಳಿಯಬೇಕು. ಕಂಬಗಳನ್ನು ಸಡಿಲಿಸಿದ ದಿನ ನಾನು ಗಾಜಿನ ಪಟ್ಟಿಯ ಎದುರೇ ಸ್ಟೂಲು ಹಾಕಿಕೊಂಡು ಕೂತಿದ್ದೆ. ಸಂಜೆಯಾದರೂ ಗಾಜು ಕದಲಲಿಲ್ಲ. ಸಂಕ್ರಾಂತಿ ಹತ್ತಿರ ಬಂದಿತ್ತು. ಜೆಸಿಬಿಯವನಿಗೆ ಬೇಡವೆಂದು ಮೈದುನ ತಾವೇ ಹೇಳಿಕಳಿಸಿದರಂತೆ.

ಅಟ್ಟದ ಮೇಲಿನ ಚಪ್ಪಡಿ ತೆಗೆಸಿ, ಹೊಗೆಗೂಡನ್ನು ಸೂರಿನಿಂದ ಮೇಲಕ್ಕೆ ಗಿಡ್ಡಗೆ ಕಟ್ಟಿಸಿ, ಮಳೆ ಬೀಳದಂತೆ ಟೋಪಿ ಇಡಿಸಿದೆ. ಅದು ಗೋಡೆಯ ಆರೋಗ್ಯಕ್ಕೆ ಬೇಕಿತ್ತೆಂದು ಎಲ್ಲರಿಗೂ ಹೇಳಿದೆ. ನನಗೂ ಅದು ಹೊಗೆಯಾಡುವುದನ್ನು ನೋಡುವ ಆಸೆಯಿತ್ತು.

ದಕ್ಷಿಣದ ಬಾಗಿಲು ತೆರೆದ ದಿನ ಮಠದ ಅಯ್ಯನವರನ್ನು ಕರೆಸಿದ್ದರು. ಅವರು ಏನೂ ವಿಚಾರಿಸದೆ, ತೆರೆದ ಬಾಗಿಲಿನಿಂದ ನೆಟ್ಟಗೆ ಒಳಗೆ ಬಂದು, ಇಷ್ಟು ಬೆಳಕನ್ನು ಯಾಕೆ ಕಟ್ಟಿಹಾಕಿದ್ದಿರಿ ಎಂದು ಕೇಳಿ ಪಾದಪೂಜೆಗೆ ಕೂತರು. ನಿಜವಾಗಿಯೂ ಬೆಳಕು ಹಾಗಿತ್ತು. ಮಾಗಿಯ ಬಿಸಿಲು ನಡುಮನೆಯ ಕೊನೆಯವರೆಗೂ ಚಾಚಿಕೊಂಡಿತ್ತು. ಸೂಜಿಗೆ ದಾರ ಪೋಣಿಸಲು ಹಗಲಲ್ಲೂ ಬಲ್ಬು ಹಾಕುತ್ತಿದ್ದ ಹೆಂಗಸರು, ಮೆಷಿನ್‌ಗಳನ್ನು ಎತ್ತಿಕೊಂಡು ಹೋಗಿ ಉಬ್ಬಿದ ಕಿಟಕಿಯ ಹತ್ತಿರ ಜಾಗಕ್ಕೆ ಜಗಳವಾಡಿದರು. ದೊರೆಯ ಅಪ್ಪನ ಮನೆಯ ಲೆಕ್ಕಾಚಾರ ಕೊನೆಗೂ ಇಲ್ಲಿ ಕೆಲಸಕ್ಕೆ ಬಂದಿತ್ತು. ಮೈದುನ ಮಾತ್ರ ಬಂದಿರಲಿಲ್ಲ.

ಸಂಜೆ ಒಡತಿ ಅತ್ತೆಯ ಕಾಲದ ಚಿಮಣಿ ಹಚ್ಚಿಕೊಂಡು ಬಂದು, ಅಭ್ಯಾಸದಂತೆ ಪೂರ್ವದ ಗೋಡೆಗೆ ಹೋದರು. ಅಲ್ಲೀಗ ಬಾಗಿಲಿಲ್ಲ, ಓರೆ ಪಕ್ಕಗಳ ಬೆಂಕಿಗೂಡು. ಒಂದು ಕ್ಷಣ ನಿಂತು, ಬಗ್ಗಿ, ದೀಪವನ್ನು ಅದರೊಳಗೆ ಇಟ್ಟರು. ಇಷ್ಟು ವರ್ಷ ಆರಿ ಆರಿ ಬೈಗುಳ ತಿನ್ನಿಸಿದ ದೀಪ ಈಗ ಅಲುಗಲಿಲ್ಲ. ಅದರ ಹೊಗೆ ಎಳೆಯಂತೆ ಎದ್ದು, ಯಾರೋ ಮೇಲಿನಿಂದ ಎಳೆದುಕೊಳ್ಳುತ್ತಿದ್ದ ಹಾಗೆ ಗೋಡೆಯೊಳಗೆ ಹೋಯಿತು. ನಾನು ಹೊರಗೆ ಓಡಿ ಸೂರಿನ ಕಡೆ ನೋಡಿದೆ. ಅಷ್ಟು ಸಣ್ಣ ಹೊಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ ನೋಡಿದೆ.

ಅಲ್ಲಿ ಅಂಗಳದಲ್ಲಿ ಮೈದುನ ನಿಂತಿದ್ದರು. ಹೊಸ ಬಿಳಿ ಅಂಗಿ. ನನ್ನ ಹಾಗೆಯೇ ಸೂರನ್ನು ನೋಡುತ್ತಿದ್ದರು. ಒಡತಿ ದಕ್ಷಿಣದ ಬಾಗಿಲಿಗೆ ಬಂದು, ಯಾಕಪ್ಪ ಅಲ್ಲೇ ನಿಂತೆ ಎಂದರು.

"ಚಿಮಣಿ ನೋಡ್ಕೊಂಡು ಹೋಗೋಣ ಅಂತ ಬಂದೆ ಅತ್ತಿಗೆ."

"ಯಾವ ಚಿಮಣಿ?"

ಮೈದುನ ಚಪ್ಪಲಿ ಬಿಟ್ಟರು. ಹೊಸಿಲ ಮುಂದೆ ಒಂದು ಗಳಿಗೆ ತಡೆದು, ಬಲಗಾಲು ಎತ್ತಿ ಒಳಗಿಟ್ಟರು.

"ಎರಡೂನೂ," ಎಂದರು.